ಲಂಡನ್ನಿನಲ್ಲಿ ಮಗುವಿಗೊಂದು ಶಾಲೆ

ನೋಡಲು ಹೋದವರ ಲಂಡನ್ ಒಂದು, ಬಾಳಲು ಹೋದವರ ಲಂಡನ್ ಮತ್ತೊಂದು. ಮೊದಲಿನವರು ಅರಮನೆ, ವಸ್ತುಸಂಗ್ರಹಾಲಯಗಳನ್ನು ಸುತ್ತಿ, ಥೇಮ್ಸ್ ನದಿಯ ದಂಡೆಯಲ್ಲಿ 2015ರಲ್ಲಿ ಅನಾವರಣಗೊಂಡ ಬಸವಣ್ಣನವರ ಪ್ರತಿಮೆಗೆ ಕೈಮುಗಿದು ಹಿಂದಿರುಗುತ್ತಾರೆ. ಎರಡನೆಯವರ ಸಂಗಡ ಐದಾರು ವರ್ಷದ ಮಗುವಿದ್ದರೆ, ಅವರ ಕಣ್ಣು ಅರಸುವ ಕಟ್ಟಡವೇ ಬೇರೆ.

ಹಳೆಯ ಬಡಾವಣೆಗಳಲ್ಲಿ ಅದನ್ನು ಗುರುತಿಸುವುದು ಸುಲಭ. ಸಾಲುಮನೆಗಳ ಮಾಡುಗಳ ಮೇಲೆ ತಲೆಯೆತ್ತಿ ನಿಂತ, ದೊಡ್ಡ ಕಿಟಕಿಗಳುಳ್ಳ ಇಟ್ಟಿಗೆಯ ಕಟ್ಟಡಗಳವು. 1870ರ ಶಿಕ್ಷಣ ಶಾಸನದ ತರುವಾಯ ಲಂಡನ್ನಿನ ಸ್ಕೂಲ್ ಬೋರ್ಡು ಸಾಮಾನ್ಯರ ಮಕ್ಕಳಿಗಾಗಿ ಇಂಥವನ್ನು ಊರ ತುಂಬ ಕಟ್ಟಿಸಿತು. ಬಾಲಕರು, ಬಾಲಕಿಯರು, ಶಿಶುಗಳು ಎಂದು ಬಾಗಿಲುಗಳ ಮೇಲೆ ಕೆತ್ತಿದ ಅಕ್ಷರಗಳು ಕೆಲವೆಡೆ ಇಂದಿಗೂ ಅಳಿದಿಲ್ಲ. ಈಗ ಎಲ್ಲ ಮಕ್ಕಳೂ ಒಂದೇ ಬಾಗಿಲಿನಿಂದ ಒಳಹೋಗುತ್ತಾರೆ, ಅಷ್ಟೆ.

ಸರ್ಕಾರಿ ಶಾಲೆಯೆಂದೊಡನೆ ನಮ್ಮ ಮಧ್ಯಮವರ್ಗದ ತಾಯ್ತಂದೆಯರು ಹಿಂಜರಿಯುವುದುಂಟು. ಆದರೆ ಆ ದೇಶದ ಬಹುಪಾಲು ಮಕ್ಕಳು ಕಲಿಯುವುದು ಅಲ್ಲಿಯೇ. ಬೋಧನಾಶುಲ್ಕವಿಲ್ಲ, ಡೊನೇಷನ್ ಇಲ್ಲ, ಪುಟ್ಟ ಮಕ್ಕಳಿಗೆ ಪ್ರವೇಶ ಪರೀಕ್ಷೆಯೂ ಇಲ್ಲ. ಹಾಗಾದರೆ ಸೀಟು ಹಂಚುವುದು ಹೇಗೆ? ಒಡಹುಟ್ಟಿದವರು ಅದೇ ಶಾಲೆಯಲ್ಲಿದ್ದರೆ ಸಾಮಾನ್ಯವಾಗಿ ಅವರಿಗೆ ಆದ್ಯತೆ. ಆಮೇಲೆ ಹೆಚ್ಚಿನ ಕಡೆ ಮನೆಗೂ ಶಾಲೆಗೂ ಇರುವ ದೂರವೇ ನಿರ್ಣಾಯಕ. ಚರ್ಚುಗಳ ಆಶ್ರಯದ ಶಾಲೆಗಳ ನಿಯಮ ಮಾತ್ರ ಬೇರೆ. ಅಂತೂ ಮನೆಯನ್ನು ಆರಿಸಿದವರು ಅರಿತೋ ಅರಿಯದೆಯೋ ಶಾಲೆಯನ್ನೂ ಆರಿಸಿರುತ್ತಾರೆ! ಹೆಸರಾದ ಶಾಲೆಯ ನೆರೆಯಲ್ಲಿ ಮನೆಯ ಬೆಲೆ ಏರುವುದೂ ಇದರಿಂದಲೇ.

ವರ್ಷದ ನಡುವೆ ಬಂದಿಳಿದವರ ಪಾಡು ಇನ್ನಷ್ಟು ಸೂಕ್ಷ್ಮ. ಏಳು ವರ್ಷದೊಳಗಿನವರ ತರಗತಿಯಲ್ಲಿ ಮೂವತ್ತಕ್ಕಿಂತ ಹೆಚ್ಚು ಮಕ್ಕಳಿರಬಾರದೆಂಬುದು ಕಾನೂನು. ಕೆಲವು ವಿಶೇಷ ಸಂದರ್ಭಗಳ ಹೊರತು, ಮೂವತ್ತೊಂದನೆಯ ಮಗುವಿಗೆ ಎಂಥ ಶಿಫಾರಸಿನಿಂದಲೂ ಎಡೆ ದೊರೆಯದು. ಕಾಯುವವರ ಪಟ್ಟಿಯಲ್ಲಿ ಹೆಸರು ಬರೆಸಬಹುದು. ಆದರೆ ನಾಳೆ ಶಾಲೆಗೆ ಇನ್ನೂ ಸಮೀಪದ ಮನೆಗೆ ಬಂದ ಮಗು ನಮ್ಮ ಮಗುವಿಗಿಂತ ಮೇಲೇರಬಹುದು.

ಮತ್ತೊಂದು ಸಂಗತಿ ಅನೇಕರನ್ನು ಬೆಚ್ಚಿಬೀಳಿಸುತ್ತದೆ. ಅಲ್ಲಿ ತರಗತಿಯನ್ನು ನಿರ್ಧರಿಸುವುದು ವಯಸ್ಸು. ಆಗಸ್ಟ್ 31ರೊಳಗೆ ಆರು ತುಂಬಿದ ಮಗು ಸೆಪ್ಟೆಂಬರಿನಲ್ಲಿ ಎರಡನೆಯ ವರ್ಷದ ತರಗತಿಯಲ್ಲಿ ಕೂರುತ್ತದೆ. ನಮ್ಮಲ್ಲಿ ಅದೇ ವಯಸ್ಸಿನ ಮಗು ಒಂದನೆಯ ತರಗತಿಗೆ ಕಾಲಿಡುತ್ತಿರುತ್ತದೆ. ಜೊತೆಯವರು ಆಗಲೇ ಎರಡು ವರ್ಷ ಶಾಲೆ ಕಂಡವರು. ಇಂಗ್ಲಿಷಿನಲ್ಲಿ ಇನ್ನೂ ತಡವರಿಸುವ ಕಂದನಿಗೆ ಮೊದಲ ವಾರಗಳು ಕಠಿಣವೇ ಸರಿ.

ಆದುದರಿಂದಲೇ ಶಾಲೆಯ ಕೀರ್ತಿಗಿಂತ ಅದರ ನಡೆಯನ್ನು ನೋಡಬೇಕು. ಆಫ್‌ಸ್ಟೆಡ್ ಎಂಬ ತಪಾಸಣಾ ಸಂಸ್ಥೆ ಶಾಲೆಗಳನ್ನು ಪರೀಕ್ಷಿಸಿ ವರದಿ ಪ್ರಕಟಿಸುತ್ತದೆ. ಇಡೀ ಶಾಲೆಯನ್ನು ಒಂದೇ ಮಾತಿನಲ್ಲಿ ತೂಗುವ ಪದ್ಧತಿ 2024ರ ಸೆಪ್ಟೆಂಬರಿನಲ್ಲಿ ನಿಂತಿತು. ವರದಿಯನ್ನು ಓದಿ, ಮೊದಲೇ ತಿಳಿಸಿ, ಒಂದು ಬೆಳಿಗ್ಗೆ ಶಾಲೆಯನ್ನು ಕಂಡುಬರುವುದು ಲೇಸು. ಹೊಸದಾಗಿ ಬಂದ ಮಗುವಿಗೆ ಭಾಷೆಯಲ್ಲಿ ಯಾರು ನೆರವಾಗುತ್ತಾರೆ? ಆಟದ ಹೊತ್ತಿನಲ್ಲಿ ಒಂಟಿಯಾಗಿ ನಿಂತ ಮಗುವನ್ನು ಯಾರು ಗಮನಿಸುತ್ತಾರೆ? ಊಟದಲ್ಲಿ ಶಾಕಾಹಾರವುಂಟೆ? 2023ರಿಂದ ಲಂಡನ್ನಿನ ಸರ್ಕಾರಿ ಪ್ರಾಥಮಿಕ ಶಾಲೆಗಳ ಎಲ್ಲ ಮಕ್ಕಳಿಗೂ ಮಧ್ಯಾಹ್ನದ ಊಟ ಉಚಿತವಾಗಿರುವುದರಿಂದ, ಈ ಪ್ರಶ್ನೆ ಸಣ್ಣದಲ್ಲ. ಬಳಿಕ ಮೂರು ಗಂಟೆ ದಾಟಿದ ಮೇಲೆ ಗೇಟಿನ ಬಳಿ ನಿಂತು, ಹೊರಬರುವ ಮಕ್ಕಳ ಮುಖಗಳನ್ನು ನೋಡಿದರೆ ವರದಿಯಲ್ಲಿಲ್ಲದ ಎಷ್ಟೋ ವಿಷಯ ತಿಳಿದೀತು.

ಸಮಾಧಾನದ ಮಾತೂ ಒಂದಿದೆ. ಜನನಸಂಖ್ಯೆ ಇಳಿದುದರಿಂದ ನಗರದ ಒಳಭಾಗದ ಹಲವು ಪ್ರಾಥಮಿಕ ಶಾಲೆಗಳಲ್ಲಿ ಈಚೆಗೆ ಸೀಟುಗಳು ಖಾಲಿ ಉಳಿಯುತ್ತಿವೆ. ಕೆಲವು ಮುಚ್ಚಿಯೂ ಹೋಗಿವೆ. ಖಾಲಿ ಸೀಟಿರುವ ಶಾಲೆಯೆಲ್ಲ ಕೆಟ್ಟದ್ದೆಂದು ಎಣಿಸಬೇಕಾಗಿಲ್ಲ. ಹತ್ತು ಭಾಷೆಗಳ ಮಕ್ಕಳು ಬೆರೆತ ಅಂಥ ತರಗತಿಯಲ್ಲಿ ಕನ್ನಡದ ಮಗು ವಿಚಿತ್ರವೆನಿಸದು. ಇಂಗ್ಲಿಷನ್ನು ಶಾಲೆ ಕಲಿಸಿಯೇ ಕಲಿಸುತ್ತದೆ; ಕನ್ನಡವನ್ನು ಕಾಯುವ ಕೆಲಸ ಮನೆಯವರದು.

ಎರಡು ಬಸ್ಸು ಬದಲಿಸಿ ಸೇರುವ ಪ್ರಖ್ಯಾತ ಶಾಲೆಗಿಂತ, ಹತ್ತು ನಿಮಿಷ ನಡೆದು ತಲುಪುವ, ನಮ್ಮ ಮಗುವಿನ ಹೆಸರನ್ನು ಸರಿಯಾಗಿ ಉಚ್ಚರಿಸಲು ಉಪಾಧ್ಯಾಯಿನಿ ಮುತುವರ್ಜಿ ವಹಿಸುವ ಶಾಲೆಯೇ ಹೊಸ ಊರಿನಲ್ಲಿ ಹೆಚ್ಚು ಉಪಕಾರಿ.