ಹಾರಿಸಲು ಹತ್ತು ನಿಮಿಷ, ತೊಳೆಯಲು ಅರ್ಧ ತಾಸು

ಕಬ್ಬು ಆಳೆತ್ತರ ಬೆಳೆದ ಮೇಲೆ ಬೆನ್ನಿಗೆ ಪಂಪು ಕಟ್ಟಿಕೊಂಡು ಸಾಲಿನೊಳಗೆ ನುಗ್ಗುವ ಆಳು ಸಿಗುವುದು ಕಷ್ಟ. ಗರಿ ಮೈ ಕೊಯ್ಯುತ್ತದೆ, ಎಣ್ಣೆ ಮುಖಕ್ಕೇ ಬರುತ್ತದೆ. ಹೀಗಾಗಿ ಅಂಕಲಗಿ ಕಡೆಯ ರೈತರು ಡ್ರೋನ್ ಎಂದರೆ ಕಿವಿ ನಿಮಿರಿಸುತ್ತಾರೆ. ಎಕರೆಗೆ ಎಷ್ಟು, ಎಷ್ಟು ಹೊತ್ತು ಹಿಡಿಯುತ್ತದೆ, ಸಬ್ಸಿಡಿ ಇದೆಯೇ ಎಂದು ಕೇಳುತ್ತಾರೆ. ಸುದ್ದಿಗೆಂದು ಊರೂರು ತಿರುಗುವ ನಮಗೆ ಈ ಮೂರು ಪ್ರಶ್ನೆ ಬಾಯಿಪಾಠ ಆಗಿವೆ. ನಾಲ್ಕನೆಯದನ್ನು ಮಾತ್ರ ಯಾರೂ ಕೇಳುವುದಿಲ್ಲ. ಹೊಡೆದಾದ ಮೇಲೆ ಅದನ್ನು ತೊಳೆಯುವವರು ಯಾರು, ಎಲ್ಲಿ, ಯಾರ ಖರ್ಚಿನಲ್ಲಿ?

ಸರ್ಕಾರದ ಲೆಕ್ಕದಲ್ಲಿ ಡ್ರೋನ್ ಕೂಡ ಒಂದು ವಿಮಾನ. 2021ರ ಆಗಸ್ಟ್ 25ರಂದು ಜಾರಿಗೆ ಬಂದ ಡ್ರೋನ್ ನಿಯಮಗಳು ಇದನ್ನು ಮಾನವರಹಿತ ವಿಮಾನ ಎಂದೇ ಕರೆಯುತ್ತವೆ. 2 ಕಿಲೋದಿಂದ 25 ಕಿಲೋವರೆಗಿನದು 'ಸಣ್ಣ' ವರ್ಗ. ಇದಕ್ಕೆ ನೋಂದಣಿ ಸಂಖ್ಯೆ ಬೇಕು, ಹಾರಿಸುವವರಿಗೆ ಪೈಲಟ್ ಪ್ರಮಾಣಪತ್ರ ಬೇಕು. ದನದ ಕೊಟ್ಟಿಗೆಯ ಪಕ್ಕ ತಾಡಪತ್ರಿ ಹೊದ್ದು ಕೂತ ಯಂತ್ರವನ್ನು ಈ ಕಣ್ಣಿನಿಂದ ನೋಡಿದರೆ ಅದರ ಆರೈಕೆಯ ಮಾತೂ ಬೇರೆಯಾಗುತ್ತದೆ.

2023ರ ಮೇ 30ರಂದು ಸಾಂಬ್ರಾ ವಿಮಾನ ನಿಲ್ದಾಣದಿಂದ ಹಾರಿದ ಪುಟ್ಟ ತರಬೇತಿ ವಿಮಾನವೊಂದು ಹೊನ್ನಿಹಾಳದ ಹತ್ತಿರ ಹೊಲದಲ್ಲಿ ತುರ್ತಾಗಿ ಇಳಿಯಿತು. ಒಳಗಿದ್ದ ಇಬ್ಬರೂ ಬದುಕಿದರು. ಜನ ಮುಗಿಬಿದ್ದು ನೋಡಿದರು. ಅಂಥ ವಿಮಾನ ಹಾರುವ ಮೊದಲು ಪೈಲಟ್ ಸುತ್ತು ಹಾಕಿ ನೋಡಲೇಬೇಕು, ಎಂಜಿನಿಯರ್ ಸಹಿ ಹಾಕಲೇಬೇಕು. ಅಮೆರಿಕದಲ್ಲಿ 2004ರಲ್ಲಿ ಹಗುರ ಕ್ರೀಡಾ ವಿಮಾನ ಎಂಬ ವರ್ಗ ಮಾಡಿದರು. ಆಗಿನ ಲೆಕ್ಕದಲ್ಲಿ ಇಬ್ಬರು ಕೂರುವ, 600 ಕಿಲೋ ಮೀರದ ವಿಮಾನಗಳು. ಆ ವರ್ಗದ ಪ್ರಾಯೋಗಿಕ ವಿಮಾನದ ಮಾಲೀಕ 16 ತಾಸಿನ ತರಬೇತಿ ಪಡೆದರೆ ತನ್ನ ವಿಮಾನದ ವರ್ಷದ ತಪಾಸಣೆಯನ್ನು ತಾನೇ ಮಾಡಬಹುದು ಎಂದು ದಾರಿ ಮಾಡಿಕೊಟ್ಟರು. ಮೆತ್ತನೆ ಬಟ್ಟೆ, ಸೌಮ್ಯ ಸಾಬೂನು, ಶುದ್ಧ ನೀರು ಅಲ್ಲಿನ ಮಾಲೀಕರ ಕಪಾಟಿನಲ್ಲಿ ಇರಲೇಬೇಕು. ಪ್ಲಾಸ್ಟಿಕ್ ಗಾಜಿಗೆ ಪೆಟ್ರೋಲ್ ತಾಗಿಸಿದರೆ ಕೂದಲೆಳೆಯಂಥ ಬಿರುಕು ಬೀಳುತ್ತದೆ ಎಂಬುದು ಅವರಿಗೆ ಮೊದಲ ಪಾಠ.

ನಮ್ಮ ಹೊಲದ ವಿಮಾನಕ್ಕೆ ಇದಕ್ಕಿಂತ ಹೆಚ್ಚಿನ ಆರೈಕೆ ಬೇಕು. ಆ ವಿಮಾನಕ್ಕೆ ಅಂಟುವುದು ಧೂಳು, ಹುಳ. ನಮ್ಮದಕ್ಕೆ ಅಂಟುವುದು ವಿಷ.

ಒಂದು ಲೆಕ್ಕ ನೋಡೋಣ. ಬೆನ್ನಿನ ಪಂಪಿನಲ್ಲಿ ಎಕರೆಗೆ ಸುಮಾರು 200 ಲೀಟರ್ ನೀರು ಬೇಕು. ಡ್ರೋನ್‌ಗೆ 10 ಲೀಟರ್ ಸಾಕು. ಎಕರೆಗೆ ಬೇಕಾದ ಔಷಧವೆಲ್ಲ ಆ 10 ಲೀಟರಿನಲ್ಲೇ ಇರುತ್ತದೆ. ಅಂದರೆ ದ್ರಾವಣ 20 ಪಟ್ಟು ಗಟ್ಟಿ. ಟ್ಯಾಂಕಿನ ತಳ, ಪೈಪು, ಪಂಪು, ನಾಝಲ್ ಎಲ್ಲ ಸೇರಿ ಅರ್ಧ ಲೀಟರ್ ಉಳಿಯಿತು ಎನ್ನಿ. ಅದು 2 ಗುಂಟೆಗೆ ಹೊಡೆಯುವಷ್ಟು ಔಷಧ! ಮುಂದಿನ ಹೊಲಕ್ಕೆ ಹಾರಿದ ಕೂಡಲೇ ಮೊದಲು ಉದುರುವುದು ಅದೇ.

ಕಬ್ಬಿನಲ್ಲಿ ಅಗಲ ಎಲೆಯ ಕಳೆಗೆ 2,4-ಡಿ ಹೊಡೆಯುವುದು ಎಲ್ಲರಿಗೂ ಗೊತ್ತು. ಕಬ್ಬು ಅದನ್ನು ತಡೆದುಕೊಳ್ಳುತ್ತದೆ. ಹತ್ತಿ, ಟೊಮ್ಯಾಟೊ, ಬದನೆ, ದ್ರಾಕ್ಷಿ ತಡೆಯುವುದಿಲ್ಲ. ಸ್ವಲ್ಪ ತಾಗಿದರೂ ಎಲೆ ಮುದುಡಿ, ಕುಡಿ ತಿರುಚಿಕೊಳ್ಳುತ್ತದೆ. ನಾವು ಸುದ್ದಿಗೆ ಹೋದ ಒಂದು ಊರಿನಲ್ಲಿ ಟೊಮ್ಯಾಟೊ ಹೊಲದ ಒಂದು ಅಂಚು ಮಾತ್ರ ಹಾಗೆ ತಿರುಚಿಕೊಂಡಿತ್ತು. ಡ್ರೋನ್ ಏರಿದ ಕಡೆಯ ಅಂಚು ಅದು. ಹುಳದ ಎಣ್ಣೆಯನ್ನಷ್ಟೇ ಹೊಡೆದಿದ್ದೇವೆ ಎಂದು ಹಾರಿಸಿದವರು ಆಣೆ ಮಾಡಿದರು. ಹಿಂದಿನ ದಿನ ಅದೇ ಟ್ಯಾಂಕಿನಿಂದ ಯಾರ ಹೊಲಕ್ಕೆ ಏನು ಹೊಡೆದಿದ್ದರು, ಆಮೇಲೆ ತೊಳೆದರೋ ಇಲ್ಲವೋ, ಎಲ್ಲೂ ಬರೆದಿರಲಿಲ್ಲ. ಪಂಚರು ಎರಡು ಸಂಜೆ ಕೂತರು. ಕೊನೆಗೆ ರೈತನಿಗೆ ಪರಿಹಾರ ಸಿಗಲಿಲ್ಲ, ಹುಡುಗರಿಗೆ ಆ ಊರಿನಲ್ಲಿ ಮತ್ತೆ ಕೆಲಸವೂ ಸಿಗಲಿಲ್ಲ. ಎರಡು ಮನೆಯ ಅನ್ನ ಒಂದು ತೊಳೆಯದ ಪೈಪಿನಲ್ಲಿ ಸಿಕ್ಕಿಕೊಂಡಿತ್ತು ಎಂದೇ ನಮಗೆ ಅನ್ನಿಸಿತು.

ಇನ್ನೊಂದು ಕಡೆ ಬೇರೆ ನೋಟ ಕಂಡೆವು. ಸ್ವಸಹಾಯ ಸಂಘದ ಅಕ್ಕ ಒಬ್ಬರು ಬದುವಿನ ಮೇಲೆ ಕೂತು ಟ್ಯಾಂಕು ತೊಳೆಯುತ್ತಿದ್ದರು. ಹೊಲದ ಅಜ್ಜನಿಗೆ ತಾಳ್ಮೆ ತಪ್ಪಿತು.

"ಟ್ರ್ಯಾಕ್ಟರ್ ನಾವು ಖಂಡೇನವಮಿಗೆ ಒಮ್ಮೆ ತೊಳಿತೀವಿ. ಇದನ್ನೇನ್ ಬೇ ತಂಗಿ, ದಿನಾ ಎರಡು ಸಲ ಮೈ ತೊಳ್ಯಾಕತ್ತಿ?"

"ಅಜ್ಜಾರ, ಟ್ರ್ಯಾಕ್ಟರ್ ಕೆಸರು ತುಳಿತೈತಿ, ಇದು ವಿಷಾ ಕುಡಿತೈತಿ. ಬಾಯಿ ಮುಕ್ಕಳಸದ ಇನ್ನೊಬ್ಬರ ಹೊಲಕ್ಕ ಹೆಂಗ ಕರ್ಕೊಂಡು ಹೋಗೂದ್ರೀ?"

ಅಜ್ಜ ನಕ್ಕುಬಿಟ್ಟ. ಕಾರಹುಣ್ಣಿಮೆಗೆ ಎತ್ತಿನ ಕೊಂಬಿನ ಸಂದಿಯನ್ನೂ ಬಿಡದೆ ತಿಕ್ಕಿ ತೊಳೆಯುವ ಜನ ನಾವು. ಅಕ್ಕನ ಮಾತು ಅವನಿಗೆ ತಿಳಿಯದೇ ಇರುತ್ತದೆಯೇ?

ಆ ಅಕ್ಕ ಮಾಡಿದ ಕ್ರಮವನ್ನೂ, ತಿಳಿದವರು ಹೇಳಿದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇವೆ. ನಿಮ್ಮ ಡ್ರೋನ್ ಕಂಪನಿಯ ಕೈಪಿಡಿ ಮತ್ತು ಔಷಧದ ಡಬ್ಬಿಯ ಮೇಲಿನ ಸೂಚನೆ ಇದಕ್ಕಿಂತ ಮೊದಲು.

1. ತೊಳೆಯುವುದು ಹೊಲದಲ್ಲೇ, ಒಣಗುವ ಮೊದಲೇ. ಒಣಗಿ ಅಂಟಿದ ಎಣ್ಣೆ ಸುಲಭಕ್ಕೆ ಬಿಡುವುದಿಲ್ಲ. ಮನೆಯಿಂದ 20 ಲೀಟರಿನ ಒಂದು ಕ್ಯಾನ್ ಶುದ್ಧ ನೀರು ಒಯ್ದರೆ ಸಾಕು.

2. ನೀರು ಮೂರು ಸಲ. ಅರ್ಧ ಲೀಟರ್ ಉಳಿದ ಟ್ಯಾಂಕಿಗೆ 6 ಲೀಟರ್ ಒಮ್ಮೆಲೇ ಸುರಿದು ಹೊಡೆದರೆ ಉಳಿದದ್ದರ ಬಲ 13ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಅದೇ 6 ಲೀಟರನ್ನು 2 ಲೀಟರಿನಂತೆ ಮೂರು ಸಲ ಹಾಕಿ, ಅಲುಗಾಡಿಸಿ, ಪ್ರತಿ ಸಲ ನಾಝಲ್‌ನಿಂದ ಹೊರಗೆ ಹೊಡೆದರೆ 125ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ನೀರು ಅಷ್ಟೇ, ಫಲ ಹತ್ತು ಪಟ್ಟು ಹತ್ತಿರ.

3. ತೊಳೆದ ನೀರು ಈಗಷ್ಟೇ ಹೊಡೆದ ಹೊಲದ ಬೆಳೆಯ ಮೇಲೇ ಹೋಗಲಿ. ಮಾರ್ಕಂಡೇಯ ಹೊಳೆ, ಹಳ್ಳ, ಬಾವಿ, ಬೋರು, ದನ ನೀರು ಕುಡಿಯುವ ತೊಟ್ಟಿ, ಇವುಗಳ ಹತ್ತಿರ ಬೇಡವೇ ಬೇಡ.

4. ಕಳೆನಾಶಕ ಹೊಡೆದ ಟ್ಯಾಂಕಿಗೆ ಬರೀ ನೀರು ಸಾಲದು. ಡಬ್ಬಿಯ ಮೇಲೆ ಹೇಳಿದ ಸಾಬೂನು ಪುಡಿ ಹಾಕಿ ನೆನೆಸಿ, ಮತ್ತೆ ನೀರು ಹೊಡೆಯಿರಿ. ಸಾಧ್ಯವಾದರೆ ಕಳೆಗೆ ಬೇರೆ ಟ್ಯಾಂಕು, ಬೇರೆ ಪೈಪು ಇಟ್ಟು ಮೇಲೆ ಕೆಂಪು ಬಣ್ಣ ಹಚ್ಚಿ. ಬ್ಲೀಚಿಂಗ್ ಪುಡಿ, ಆಸಿಡ್, ಅಮೋನಿಯಾ ಒಂದರಲ್ಲೊಂದು ಬೆರೆಸಬೇಡಿ. ಏಳುವ ಗಾಳಿ ಪುಪ್ಪುಸ ಸುಡುತ್ತದೆ.

5. ನಾಝಲ್ ಕಟ್ಟಿದರೆ ಬ್ಯಾಟರಿ ತೆಗೆದು, ಹಲ್ಲುಜ್ಜುವ ಹಳೆ ಬ್ರಷ್ಷಿನಿಂದ ತಿಕ್ಕಿ. ಸೂಜಿ, ತಂತಿ ಚುಚ್ಚಿದರೆ ತೂತು ದೊಡ್ಡದಾಗುತ್ತದೆ. ಬಾಯಿಂದ ಊದುವುದಂತೂ ವಿಷ ನೆಕ್ಕಿದ ಹಾಗೆ. ವಾರಕ್ಕೊಮ್ಮೆ ಪ್ರತಿ ನಾಝಲ್ ಕೆಳಗೆ ಅಳತೆ ಮಗ್ ಹಿಡಿದು ಒಂದು ನಿಮಿಷದ ನೀರು ಅಳೆಯಿರಿ. ಒಂದಕ್ಕೂ ಉಳಿದವಕ್ಕೂ ನೂರಕ್ಕೆ ಹತ್ತಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಬದಲಿಸಿ.

6. ರೆಕ್ಕೆ, ತೋಳು, ಕ್ಯಾಮೆರಾ ಒದ್ದೆ ಬಟ್ಟೆಯಿಂದ ಒರೆಸಿ, ಆಮೇಲೆ ಒಣ ಬಟ್ಟೆಯಿಂದ. ಸರ್ವಿಸಿಂಗ್ ಅಂಗಡಿಯ ಜೋರು ನೀರಿನ ಪೈಪು, ಪೆಟ್ರೋಲ್, ಥಿನ್ನರ್ ಬೇಡ. ರಸಗೊಬ್ಬರ ಹೊಡೆದ ದಿನ ಸ್ಕ್ರೂ, ಪ್ಲಗ್‌ಗಳ ಸಂದಿಯನ್ನು ಇನ್ನಷ್ಟು ಗಮನಿಸಿ. ಉಪ್ಪು ಕೂತರೆ ಲೋಹ ತಿನ್ನುತ್ತದೆ. ರೆಕ್ಕೆಯಲ್ಲಿ ಉಗುರಿಗೆ ತಾಗುವ ಸೀಳು ಕಂಡರೂ ಹಾರಿಸಬೇಡಿ.

7. ಬ್ಯಾಟರಿಗೆ ನೀರು ತಾಗಿಸಬೇಡಿ. ಬಿಸಿ ಆರಿದ ಮೇಲೆ ಚಾರ್ಜ್ ಮಾಡಿ. ಉಬ್ಬಿದ್ದರೆ ಮುಟ್ಟಲೇಬೇಡಿ, ಕಂಪನಿಯವರನ್ನು ಕರೆಯಿರಿ. ನಾಲ್ಕಾರು ದಿನ ಕೆಲಸವಿಲ್ಲದಿದ್ದರೆ ಅರ್ಧ ಚಾರ್ಜಿನಲ್ಲಿ ಇಡಿ. ಮಕ್ಕಳು ಮಲಗುವ ಕೋಣೆಯಲ್ಲಿ ಚಾರ್ಜಿಗೆ ಹಾಕಬೇಡಿ, ಪಕ್ಕದಲ್ಲಿ ಒಂದು ಬಕೆಟ್ ಉಸುಕು ಇರಲಿ.

ಇದಕ್ಕೆ ಬೇಕಾದ ಸಾಮಾನು ಒಂದು ಚೀಲ ತುಂಬುವುದಿಲ್ಲ. ನೀರಿನ ಕ್ಯಾನು, ಎರಡು ಬ್ರಷ್, ನಾಲ್ಕು ಬಟ್ಟೆ, ಅಳತೆ ಮಗ್, ಸಾಬೂನು ಪುಡಿ, ಬಿಡಿ ನಾಝಲ್, ವಾಷರ್, ಸ್ಕ್ರೂ ಬಿಗಿಯುವ ಕೀಲಿ. ಇವುಗಳ ಮೇಲೆ ಎರಡು ವಸ್ತು ಕಡ್ಡಾಯ: ಮೊಣಕೈವರೆಗಿನ ರಬ್ಬರ್ ಕೈಗವಸು, ಕಣ್ಣಿಗೆ ಕನ್ನಡಕ. ಹಾರಿಸುವಾಗ ಪೈಲಟ್ ದೂರ ನಿಂತಿರುತ್ತಾರೆ. ವಿಷ ಕೈಗೆ ಹತ್ತುವುದು ತುಂಬುವಾಗ ಮತ್ತು ತೊಳೆಯುವಾಗ. ನಾವು ಕಂಡಂತೆ ಆ ಎರಡೂ ಕೆಲಸ ಬೀಳುವುದು ಸಹಾಯಕರ ಮೇಲೆ, ಅದೂ ಬರಿಗೈಯಲ್ಲಿ.

ಜೊತೆಗೆ ಒಂದು ನೋಟ್‌ಬುಕ್. ತಾರೀಖು, ಯಾರ ಹೊಲ, ಯಾವ ಔಷಧ, ತೊಳೆದವರು ಯಾರು, ಎಷ್ಟು ಸಲ, ಸಹಿ. ರೈತರೂ ಕೆಳಗೆ ಒಂದು ಸಹಿ ಹಾಕಲಿ. ನಾಳೆ ಪಂಚರ ಮುಂದೆ ಮಾತನಾಡುವುದು ಆ ಪುಟ.

ನಮೋ ಡ್ರೋನ್ ದೀದಿ ಯೋಜನೆಗೆ ಕೇಂದ್ರ ಸಂಪುಟ ಒಪ್ಪಿದ್ದು 2023ರ ನವೆಂಬರಿನಲ್ಲಿ. 15,000 ಮಹಿಳಾ ಸಂಘಗಳಿಗೆ ಡ್ರೋನ್, ಬೆಲೆಯ ಶೇ. 80ರಷ್ಟು, ಗರಿಷ್ಠ 8 ಲಕ್ಷ ರೂಪಾಯಿ ನೆರವು. ಪೈಲಟ್‌ಗೆ 15 ದಿನದ ತರಬೇತಿ, ದುರಸ್ತಿ ನೋಡಿಕೊಳ್ಳುವ ಸಹಾಯಕರಿಗೆ 5 ದಿನದ ತರಬೇತಿ ಇದೆ. ಆ 5 ದಿನದ ತರಬೇತಿಗೆ ಹೋಗುವವರನ್ನು ಸಂಘದವರು ಕಾಟಾಚಾರಕ್ಕೆ ಆರಿಸಬಾರದು. ಯಂತ್ರ ಎಷ್ಟು ವರ್ಷ ಬಾಳುತ್ತದೆ ಎಂಬುದು ಅವರ ಕೈಯಲ್ಲಿದೆ. ಸಂಶಯ ಇದ್ದರೆ ನಮ್ಮ ಭಾಗಕ್ಕೆ ತುಕ್ಕಾನಟ್ಟಿಯ ಕೃಷಿ ವಿಜ್ಞಾನ ಕೇಂದ್ರ ಇದೆ, ಕೇಳಬಹುದು.

ಉಳಿದದ್ದು ಹಣದ ಮಾತು. ರೈತರು ಎಕರೆಗೆ ಕೊಡುವ ದರದಲ್ಲಿ ಹಾರಿಸುವ ಹೊತ್ತಿಗೆ ಕೂಲಿ ಇದೆ, ತೊಳೆಯುವ ಅರ್ಧ ತಾಸಿಗೆ ಇಲ್ಲ. ಬಾಡಿಗೆಯನ್ನು ಜಗ್ಗಾಡಿ ಇಳಿಸಿದಷ್ಟೂ ಮೊದಲು ತಪ್ಪುವುದು ತೊಳೆಯುವ ಕೆಲಸವೇ. ಎಕರೆಗೆ 10 ರೂಪಾಯಿ ತೊಳೆಯುವ ಲೆಕ್ಕಕ್ಕೆ ಬೇರೆ ತೆಗೆದಿಟ್ಟರೆ 10 ಎಕರೆಯ ದಿನ 100 ರೂಪಾಯಿ ಆಗುತ್ತದೆ. ಕೈಗವಸು, ಸಾಬೂನು ಅದರಲ್ಲೇ ಬರುತ್ತವೆ, ಸಹಾಯಕರ ಕೈಗೂ ನಾಲ್ಕು ಕಾಸು ಸೇರುತ್ತದೆ. ಮುಂದಿನ ಸಲ ಡ್ರೋನ್ ಕರೆಸಿದಾಗ ಇಳಿದ ಕೂಡಲೇ ಹಣ ಎಣಿಸಬೇಡಿ. ನಿಮ್ಮ ಹೊಲದ ಬದುವಿನಲ್ಲೇ ಮೂರು ಸಲ ತೊಳೆಯುವುದನ್ನು ನಿಂತು ನೋಡಿ, ನೋಟ್‌ಬುಕ್‌ಗೆ ಸಹಿ ಹಾಕಿ, ಆಮೇಲೆ ಕೊಡಿ.