ಮುಳಬಾಗಿಲಿನ ಹುಡುಗಿ ಯಾಕೆ ರಾಯಭಾರಿಯಾಗಬಾರದು?

ಮುಳಬಾಗಿಲಿನ ಸಂತೆಯಲ್ಲಿ ಹತ್ತು ನಿಮಿಷ ನಿಂತರೆ ಸಾಕು, ನಾಲ್ಕು ಭಾಷೆ ಕಿವಿಗೆ ಬೀಳುತ್ತವೆ. ತರಕಾರಿ ಮಾರುವಾಕೆ ಗಿರಾಕಿಯ ಮುಖ ನೋಡಿಯೇ ಬೆಲೆಯನ್ನು ತೆಲುಗಿನಲ್ಲಿ ಹೇಳಬೇಕೋ ಕನ್ನಡದಲ್ಲಿ ಹೇಳಬೇಕೋ ಎಂದು ತೀರ್ಮಾನಿಸಿಬಿಡುತ್ತಾಳೆ. ಪಕ್ಕದ ಅಂಗಡಿಯ ಬೂಬಮ್ಮನೊಡನೆ ಅವಳದ್ದು ಉರ್ದು, ತಮಿಳುನಾಡಿನ ಲಾರಿ ಡ್ರೈವರನೊಡನೆ ತಮಿಳು. ಇಲ್ಲಿಂದ ನಂಗಲಿ ದಾಟಿದರೆ ಆಂಧ್ರ. ಶ್ರೀನಿವಾಸಪುರದವರಿಗೆ ಮದನಪಲ್ಲಿ ನೆರೆಮನೆ, ಮಾಲೂರಿನವರಿಗೆ ಹೊಸೂರು ಹತ್ತಿರ. ಮನೆಯಲ್ಲಿ ಒಂದು ಮಾತು, ಶಾಲೆಯಲ್ಲಿ ಇನ್ನೊಂದು, ಬೀದಿಯಲ್ಲಿ ಮತ್ತೊಂದು. ಈ ಸೀಮೆಯ ಮಕ್ಕಳು ಹೀಗೇ ಬೆಳೆಯುತ್ತಾರೆ. ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಮನೆಮಾತು ತಮಿಳು. ಡಿ.ವಿ. ಗುಂಡಪ್ಪನವರು ಇದೇ ಮುಳಬಾಗಿಲಿನವರು. ಇಬ್ಬರೂ ಕನ್ನಡದ ಆಸ್ತಿಯಾದರು.

ಎದುರಿಗಿರುವವರ ಭಾಷೆ ಹಿಡಿದು, ಅವರ ಮನಸ್ಸು ಅರಿತು, ನಮ್ಮದನ್ನೂ ಬಿಟ್ಟುಕೊಡದೆ ವ್ಯವಹಾರ ಕುದುರಿಸುವ ಈ ಜಾಣ್ಮೆಯನ್ನೇ ದೇಶ ಸಂಬಳ ಕೊಟ್ಟು ಇಟ್ಟುಕೊಳ್ಳುವ ಒಂದು ಕೆಲಸವಿದೆ. ಅದು ಭಾರತೀಯ ವಿದೇಶಾಂಗ ಸೇವೆ. ನಮ್ಮ ಕಡೆಯ ಹೆಣ್ಣುಮಕ್ಕಳನ್ನು ‘ಮುಂದೆ ಏನಾಗ್ತೀಯಮ್ಮ?’ ಎಂದು ಕೇಳಿ ನೋಡಿ. ಡಾಕ್ಟರು, ಎಂಜಿನಿಯರು, ಟೀಚರು, ನರ್ಸು, ಬ್ಯಾಂಕು, ಈಚೆಗೆ ಡಿ.ಸಿ. ಎನ್ನುತ್ತಾರೆ. ರಾಯಭಾರ ಕಚೇರಿಯಲ್ಲಿ ಕೂತು ಭಾರತದ ಪರವಾಗಿ ಮಾತಾಡುತ್ತೇನೆ ಎಂದವಳನ್ನು ನಾನು ಕಂಡಿಲ್ಲ. ಆ ಕೆಲಸದ ದಿನ ಹೇಗೆ ಬೆಳಗಾಗುತ್ತದೆ, ಹೇಗೆ ಮುಗಿಯುತ್ತದೆ ಎಂದು ನಮ್ಮಲ್ಲಿ ಹೇಳುವವರಿಲ್ಲದ್ದೇ ಕಾರಣ ಎಂದು ನನ್ನ ನಂಬಿಕೆ.

ಹಾಗೆ ನೋಡಿದರೆ ರಾಯಭಾರ ಈ ನೆಲಕ್ಕೆ ಹೊಸದಲ್ಲ. ಹೈದರಾಲಿ ಹುಟ್ಟಿದ್ದು ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ. ಅವನ ಮಗ ಟಿಪ್ಪು ಸುಲ್ತಾನ್ ತುರ್ಕಿಯ ಸುಲ್ತಾನನ ಆಸ್ಥಾನಕ್ಕೆ ನಿಯೋಗ ಕಳಿಸಿದ, ಫ್ರಾನ್ಸಿಗೆ ಮತ್ತೊಂದನ್ನು ಕಳಿಸಿದ. ಫ್ರಾನ್ಸಿಗೆ ಹೋದ ಮೂವರು ರಾಯಭಾರಿಗಳನ್ನು 1788ರ ಆಗಸ್ಟಿನಲ್ಲಿ 16ನೇ ಲೂಯಿ ದೊರೆ ಬರಮಾಡಿಕೊಂಡ. ಆದರೆ ಆ ಕೆಲಸದಲ್ಲಿ ಹೆಣ್ಣೊಬ್ಬಳನ್ನು ಕಾಣಲು ಕನ್ನಡನಾಡು ಇನ್ನೂ ನೂರಾ ಅರವತ್ತು ವರ್ಷ ಕಾಯಬೇಕಾಯಿತು. ಆಕೆ ಬಂದದ್ದು ಕೊಡಗಿನಿಂದ, ನಮ್ಮ ಮಾಸ್ತಿಯವರು ‘ಚಿಕವೀರ ರಾಜೇಂದ್ರ’ದಲ್ಲಿ ಯಾವ ನಾಡಿನ ಕೊನೆಯ ಅರಸನ ಕಥೆ ಹೇಳಿದರೋ ಅದೇ ನಾಡಿನಿಂದ.

ಚೋನಿರ ಬೆಳ್ಳಿಯಪ್ಪ ಮುತ್ತಮ್ಮ 1924ರಲ್ಲಿ ವಿರಾಜಪೇಟೆಯಲ್ಲಿ ಹುಟ್ಟಿದರು. ಅರಣ್ಯಾಧಿಕಾರಿಯಾಗಿದ್ದ ತಂದೆ ತೀರಿಕೊಂಡಾಗ ಹುಡುಗಿಗೆ ಒಂಬತ್ತು ವರ್ಷ. ತಾಯಿ ಎದೆಗುಂದದೆ ಮಕ್ಕಳನ್ನು ಓದಿಸಿದರು. ಮಡಿಕೇರಿಯಲ್ಲಿ ಶಾಲೆ, ಮದರಾಸಿನಲ್ಲಿ ಕಾಲೇಜು. ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆಯಲ್ಲಿ ಗೆದ್ದ ಮೊದಲ ಮಹಿಳೆಯರಲ್ಲಿ ಒಬ್ಬರಾಗಿ 1949ರಲ್ಲಿ ವಿದೇಶಾಂಗ ಸೇವೆಗೆ ಸೇರಿದಾಗ, ಆ ಸೇವೆಯ ಮೊದಲ ಮಹಿಳೆ ಅವರೇ. ಸಂದರ್ಶನದಲ್ಲಿ ಕೂತವರು ‘ಈ ಕೆಲಸ ಹೆಂಗಸರಿಗಲ್ಲ’ ಎಂದು ಮನಸ್ಸು ತಿರುಗಿಸಲು ನೋಡಿದರು; ಮದುವೆಯಾದರೆ ರಾಜೀನಾಮೆ ಕೊಡುತ್ತೇನೆಂದು ಮುಚ್ಚಳಿಕೆಯನ್ನೂ ಬರೆಸಿಕೊಂಡರು. ಮುತ್ತಮ್ಮ ಬರೆದುಕೊಟ್ಟರು, ಸೇರಿದರು, ಮದುವೆಯಾಗಲಿಲ್ಲ. ಪ್ಯಾರಿಸ್, ರಂಗೂನ್, ಲಂಡನ್ ಹೀಗೆ ಊರೂರು ಸುತ್ತಿ, 1970ರಲ್ಲಿ ಹಂಗೇರಿಗೆ ರಾಯಭಾರಿಯಾದರು.

ಬಡ್ತಿಯಲ್ಲಿ ತಮ್ಮನ್ನು ಹಿಂದಿಟ್ಟಾಗ ಅವರು ಸುಮ್ಮನೆ ನುಂಗಿಕೊಳ್ಳಲಿಲ್ಲ, ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. 1961ರ ನಿಯಮಗಳ ಪ್ರಕಾರ ಈ ಸೇವೆಯ ಹೆಣ್ಣು ಮದುವೆಗೆ ಮುಂಚೆ ಸರ್ಕಾರದ ಲಿಖಿತ ಅನುಮತಿ ಪಡೆಯಬೇಕಿತ್ತು. ಸಂಸಾರದ ಜವಾಬ್ದಾರಿ ಕೆಲಸಕ್ಕೆ ಅಡ್ಡಿ ಎಂದು ಸರ್ಕಾರಕ್ಕೆ ತೋರಿದರೆ ಆಕೆಯಿಂದ ರಾಜೀನಾಮೆ ಕೇಳಬಹುದಿತ್ತು. ಮದುವೆಯಾದ ಹೆಣ್ಣಿಗೆ ಈ ಸೇವೆಗೆ ನೇಮಕವಾಗುವ ಹಕ್ಕೇ ಇರಲಿಲ್ಲ. ಗಂಡಸಿಗೆ ಇಂಥ ಯಾವ ಕಟ್ಟೂ ಇರಲಿಲ್ಲ. ಪ್ರಕರಣ ತೀರ್ಮಾನಕ್ಕೆ ಬರುವ ಹೊತ್ತಿಗೆ ಸರ್ಕಾರ ಬಡ್ತಿ ಕೊಟ್ಟು ಅವರನ್ನು ನೆದರ್ಲೆಂಡ್ಸಿನ ರಾಯಭಾರಿಯನ್ನಾಗಿ ಮಾಡಿತ್ತು, ಒಂದು ನಿಯಮ ಆಗಲೇ ಹೋಗಿತ್ತು, ಇನ್ನೊಂದು ಹೋಗುವುದರಲ್ಲಿತ್ತು. ಆದ್ದರಿಂದ ಅರ್ಜಿ ವಜಾ ಆಯಿತು. ಆದರೂ 1979ರ ಸೆಪ್ಟೆಂಬರಿನಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಬರೆದ ತೀರ್ಪು, ಸಂಸಾರ ಹೆಣ್ಣಿಗೆ ಅಡ್ಡಿಯಾಗುವುದಾದರೆ ಗಂಡಿಗೂ ಆಗಬೇಕಲ್ಲವೇ ಎಂದು ಸರ್ಕಾರವನ್ನು ನೇರವಾಗಿ ಕೇಳಿತು. ಹೆಣ್ಣೆಂಬ ಕಾರಣಕ್ಕೆ ಭೇದ ಮಾಡುವ ಸೇವಾ ನಿಯಮಗಳನ್ನೆಲ್ಲ ಸರಿಪಡಿಸಿರೆಂದು ತಾಕೀತು ಮಾಡಿತು. ಇಂದು ಯಾವುದೇ ದೇಶದ ರಾಯಭಾರ ಕಚೇರಿಯಲ್ಲಿ ಮಗುವನ್ನು ಶಾಲೆಗೆ ಬಿಟ್ಟು ಬಂದು ಫೈಲು ತೆರೆಯುವ ಭಾರತದ ಹೆಣ್ಣುಮಗಳು ಮುತ್ತಮ್ಮನವರಿಗೆ ಋಣಿ.

ಈಗ ಮುಳಬಾಗಿಲಿನ ಹುಡುಗಿಯೊಬ್ಬಳು ಆ ಕುರ್ಚಿಯಲ್ಲಿ ಕೂತಿದ್ದಾಳೆ ಎಂದುಕೊಳ್ಳೋಣ. ಪರೀಕ್ಷೆ ಪಾಸಾಗಿ, ಮಸ್ಸೂರಿಯಲ್ಲಿ ತಳಪಾಯದ ತರಬೇತಿ ಮುಗಿಸಿ, ದೆಹಲಿಯಲ್ಲಿ ವಿದೇಶಾಂಗ ಸೇವೆಯ ಸಂಸ್ಥೆಯಲ್ಲಿ ಕಲಿತಿದ್ದಾಳೆ. ಅಲ್ಲಿಂದ ಮುಂದೆ ಒಬ್ಬೊಬ್ಬ ಅಧಿಕಾರಿಗೂ ಒಂದೊಂದು ವಿದೇಶಿ ಭಾಷೆ ಕಡ್ಡಾಯ: ಅರಬ್ಬಿ, ಚೀನಿ, ರಷ್ಯನ್, ಫ್ರೆಂಚ್, ಸ್ಪ್ಯಾನಿಷ್, ಜಪಾನಿ. ಆ ಭಾಷೆಯ ನಾಡಿಗೇ ಥರ್ಡ್ ಸೆಕ್ರೆಟರಿಯಾಗಿ ಹೋಗಿ, ಕಲಿತು, ಪರೀಕ್ಷೆ ಕೊಟ್ಟ ಮೇಲೆಯೇ ಹುದ್ದೆ ಕಾಯಂ. ನಮ್ಮ ಹುಡುಗಿಗೆ ಅರಬ್ಬಿ ಬಂದಿದೆ, ಗಲ್ಫಿನ ಒಂದು ರಾಜಧಾನಿಗೆ ಹೋಗಿದ್ದಾಳೆ. ಮನೆಯ ತೆಲುಗು, ಓದಿನ ಕನ್ನಡ, ಪಕ್ಕದ ಮನೆಯ ಉರ್ದು ಎಲ್ಲ ಆಡಿ ಪಳಗಿದ ನಾಲಿಗೆಗೆ ಇನ್ನೊಂದು ಭಾಷೆ ಬೆಟ್ಟವಾಗಿ ಕಾಣುವುದಿಲ್ಲ. ಉರ್ದುವಿನ ಎಷ್ಟೋ ಶಬ್ದಗಳು ಅಲ್ಲಿ ಹಳೆಯ ಪರಿಚಯಸ್ಥರಾಗಿ ಎದುರಾಗುತ್ತವೆ.

ಬೆಳಿಗ್ಗೆ ಅವಳ ಮೊದಲ ಕೆಲಸ ಆ ದೇಶದ ಪತ್ರಿಕೆ ಓದುವುದು. ಭಾರತಕ್ಕೆ ಸಂಬಂಧಿಸಿದ್ದು ಏನು ಬಂದಿದೆ, ಎಣ್ಣೆ, ವೀಸಾ, ಕಾರ್ಮಿಕ ಕಾನೂನು ಇವುಗಳಲ್ಲಿ ಏನು ಬದಲಾಗಲಿದೆ ಎಂದು ಗುರುತು ಹಾಕಿಕೊಳ್ಳಬೇಕು. ರಾತ್ರಿ ದೆಹಲಿಯಿಂದ ಬಂದ ಸಂದೇಶಗಳಿಗೆ ಉತ್ತರ ಸಿದ್ಧಮಾಡಬೇಕು. ಹಿರಿಯ ಅಧಿಕಾರಿ ಆ ದೇಶದ ಸಚಿವಾಲಯಕ್ಕೆ ಮಾತುಕತೆಗೆ ಹೋದರೆ ಪಕ್ಕದಲ್ಲಿ ಕೂತು ಬರೆದುಕೊಳ್ಳಬೇಕು, ಮಾತು ಮರೆಯುವ ಮುನ್ನ ಅಂದೇ ಟಿಪ್ಪಣಿಯಾಗಿಸಿ ಕಳಿಸಬೇಕು. ಯಾರು ಏನು ಹೇಳಿದರು, ಏನನ್ನು ಹೇಳದೆ ಬಿಟ್ಟರು ಎಂಬುದು ಆ ಒಂದೂವರೆ ಪುಟದಲ್ಲಿರುತ್ತದೆ. ಎಳೆಯ ಅಧಿಕಾರಿಯ ಯೋಗ್ಯತೆಯನ್ನು ದೆಹಲಿ ಅಳೆಯುವುದು ಇಂಥ ಟಿಪ್ಪಣಿಗಳಿಂದ.

ಆದರೆ ಕೆಲಸದ ಜೀವ ಇರುವುದು ಕಾನ್ಸುಲರ್ ವಿಭಾಗದ ಕಿಟಕಿಯಲ್ಲಿ. ಪಾಸ್‌ಪೋರ್ಟ್ ಕಳೆದುಕೊಂಡವರು, ಮಾಲೀಕ ಪಾಸ್‌ಪೋರ್ಟ್ ಕಿತ್ತಿಟ್ಟುಕೊಂಡವರು, ಆರು ತಿಂಗಳ ಸಂಬಳ ಬಾಕಿ ಇರುವವರು ಅಲ್ಲಿ ಸಾಲುಗಟ್ಟುತ್ತಾರೆ. ಪಾಸ್‌ಪೋರ್ಟ್ ಇಲ್ಲದೆ ಊರಿಗೆ ಮರಳಬೇಕಾದವರಿಗೆ ಒಂದೇ ಸಲ, ಒಂದೇ ದಿಕ್ಕಿಗೆ ನಡೆಯುವ ತುರ್ತು ಪ್ರಯಾಣ ಪತ್ರ ಕೊಡಬೇಕು. 1963ರ ವಿಯೆನ್ನಾ ಒಪ್ಪಂದದ ಪ್ರಕಾರ ಬಂಧನದಲ್ಲಿರುವ ಭಾರತೀಯರನ್ನು ಜೈಲಿಗೆ ಹೋಗಿ ಕಾಣುವ ಹಕ್ಕು ರಾಯಭಾರ ಕಚೇರಿಗಿದೆ. ಆ ಹಕ್ಕನ್ನು ಚಲಾಯಿಸಲು ಬಿಸಿಲಲ್ಲಿ ಗೇಟಿನ ಮುಂದೆ ಕಾಯುವವಳೂ ಇವಳೇ.

ಒಂದು ಫೈಲನ್ನು ಹತ್ತಿರದಿಂದ ನೋಡೋಣ. ಕಟ್ಟಡದ ಕೆಲಸಕ್ಕೆ ಹೋದವನೊಬ್ಬ ಸತ್ತಿದ್ದಾನೆ. ದೇಹ ಊರಿಗೆ ಬರಬೇಕಾದರೆ ಅಲ್ಲಿನ ಮರಣ ಪ್ರಮಾಣಪತ್ರ ಬೇಕು. ಅಪಘಾತವಾದರೆ ಪೊಲೀಸ್ ವರದಿ, ಅದರ ಇಂಗ್ಲಿಷ್ ಅನುವಾದ ಬೇಕು. ಮನೆಯವರ ಒಪ್ಪಿಗೆ ಪತ್ರ, ದೇಹ ಕೆಡದಂತೆ ಸಂಸ್ಕರಿಸಿದ್ದಕ್ಕೆ ಪ್ರಮಾಣಪತ್ರ, ಆ ದೇಶದ ವಲಸೆ ಮತ್ತು ಸುಂಕ ಇಲಾಖೆಗಳ ಅನುಮತಿ ಬೇಕು. ಕೊನೆಗೆ ಸತ್ತವನ ಪಾಸ್‌ಪೋರ್ಟಿಗೆ ರದ್ದು ಮುದ್ರೆ ಹಾಕಬೇಕು. ಇದರಲ್ಲಿ ಒಂದು ಕಾಗದ ಹಿಂದೆ ಬಿದ್ದರೆ ದೇಹ ಶವಾಗಾರದಲ್ಲೇ ಉಳಿಯುತ್ತದೆ. ಮಾಲೀಕ ಖರ್ಚು ಕೊಡದಿದ್ದರೆ, ಮನೆಯವರ ಕೈಲೂ ಆಗದಿದ್ದರೆ, 2009ರಲ್ಲಿ ಸ್ಥಾಪಿಸಿದ ಭಾರತೀಯ ಸಮುದಾಯ ಕಲ್ಯಾಣ ನಿಧಿಯಿಂದ ಹಣ ಬಿಡಿಸಬಹುದು. ಅದಕ್ಕೂ ಯಾರಾದರೂ ಕೂತು ಟಿಪ್ಪಣಿ ಬರೆಯಬೇಕು. ಈ ನಡುವೆ ಊರಿನಿಂದ ಫೋನು. ಆ ಕಡೆ ಒಬ್ಬ ತಂದೆ, ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಅಳುತ್ತಿದ್ದಾನೆ. ಹಿಂದಿ ಬಾರದು, ಇಂಗ್ಲಿಷ್ ಬಾರದು. ‘ಹೇಳಿ ಅಣ್ಣಾ, ನಾನೂ ಕೋಲಾರದ ಕಡೆಯವಳೇ’ ಎಂದು ಈ ಕಡೆಯಿಂದ ಒಂದು ದನಿ ಬಂದರೆ ಆ ಮನೆಗೆ ಭಾರತ ಸರ್ಕಾರ ಎಂದರೆ ಏನೆಂಬುದು ಆ ಕ್ಷಣ ತಿಳಿಯುತ್ತದೆ. ಇದಕ್ಕಿಂತ ದೊಡ್ಡ ರಾಯಭಾರ ಯಾವುದಿದೆ?

ಮನೆಗೆಲಸಕ್ಕೆಂದು ಹೋಗಿ ಹೊಡೆತ ತಿಂದು ಓಡಿಬಂದ ಹೆಂಗಸರಿಗೆ ಗಲ್ಫಿನ ನಮ್ಮ ರಾಯಭಾರ ಕಚೇರಿಗಳು ಆಸರೆಮನೆ ನಡೆಸುತ್ತವೆ. ಗಂಡಸು ಅಧಿಕಾರಿಯ ಮುಂದೆ ತಲೆತಗ್ಗಿಸಿ ಕೂರುವ ಹೆಣ್ಣು, ಹೆಣ್ಣು ಅಧಿಕಾರಿಯ ಬಳಿ ಬಾಯಿಬಿಡುತ್ತಾಳೆ. ನಮ್ಮ ಊರುಗಳಲ್ಲಿ ಇನ್ನೊಂದು ವಿಷಯವೂ ಎಲ್ಲರಿಗೂ ಗೊತ್ತಿರಬೇಕು. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ‘ಇಸಿಆರ್’ ವರ್ಗದ್ದು. ಅಂಥವರು ಕೆಲಸಕ್ಕೆಂದು 18 ದೇಶಗಳಿಗೆ ಹೋಗಬೇಕಾದರೆ ಸರ್ಕಾರದ ವಲಸೆ ಅನುಮತಿ ಬೇಕು, ಹೆಂಗಸರಿಗೆ 30 ವರ್ಷ ತುಂಬಿರಬೇಕು. ಏಜೆಂಟನ ಮಾತು ನಂಬಿ ಪ್ರವಾಸಿ ವೀಸಾದಲ್ಲಿ ಕೆಲಸಕ್ಕೆ ಹೋದವರು ಈ ರಕ್ಷಣೆಯ ಆಚೆಗೆ ಬೀಳುತ್ತಾರೆ. ಅವರನ್ನು ಹುಡುಕಿ ತರುವುದೇ ಆ ಅಧಿಕಾರಿಣಿಯ ಎಷ್ಟೋ ದಿನಗಳನ್ನು ತಿನ್ನುತ್ತದೆ.

ಇನ್ನು ವ್ಯಾಪಾರದ ವಿಚಾರ, ಅದರಲ್ಲೂ ಮಾವು. ಶ್ರೀನಿವಾಸಪುರದವರಿಗೆ ರಾಜತಂತ್ರ ಏಕೆ ಬೇಕು ಎಂದರೆ ಇದಕ್ಕಾಗಿ. 2025ರ ಜೂನಿನಲ್ಲಿ ಚಿತ್ತೂರು ಜಿಲ್ಲಾಡಳಿತ ಹೊರರಾಜ್ಯದ ತೋತಾಪುರಿ ಮಾವನ್ನು ಗಡಿಯಲ್ಲೇ ತಡೆದಾಗ, ಹಣ್ಣಿನ ತಿರುಳಿನ ಕಾರ್ಖಾನೆಗಳನ್ನೇ ನಂಬಿದ್ದ ನಮ್ಮ ಬೆಳೆಗಾರರು ದಿಕ್ಕೆಟ್ಟರು. ಮುಖ್ಯಮಂತ್ರಿ ಆಂಧ್ರದ ಮುಖ್ಯಮಂತ್ರಿಗೆ ಪತ್ರ ಬರೆದರು, ಕೊನೆಗೆ ಕೇಂದ್ರ ಸರ್ಕಾರ ಕ್ವಿಂಟಲಿಗೆ 1,616 ರೂಪಾಯಿ ಲೆಕ್ಕದಲ್ಲಿ ಬೆಲೆ ಕೊರತೆ ತುಂಬಿಕೊಡುವ ಯೋಜನೆಗೆ ಒಪ್ಪಿತು. ಪಕ್ಕದ ಜಿಲ್ಲೆಯ ಗಡಿಯಲ್ಲೇ ಇಷ್ಟು ಮಾತುಕತೆ ಬೇಕಾದರೆ ಸಮುದ್ರದಾಚೆಗೆ ಎಷ್ಟು ಬೇಕು! 2014ರ ಮೇ ತಿಂಗಳಲ್ಲಿ ಐರೋಪ್ಯ ಒಕ್ಕೂಟ ಹಣ್ಣುನೊಣದ, ಅಂದರೆ ನಮ್ಮ ಬೆಳೆಗಾರರು ಊಜಿ ಎನ್ನುವ ಆ ಪೀಡೆಯ ಕಾರಣ ಕೊಟ್ಟು ಭಾರತದ ಮಾವನ್ನು ನಿಲ್ಲಿಸಿತು. ತಪಾಸಣೆ ಬಿಗಿಗೊಳಿಸಿ, ಅವರ ಪರಿಣತರನ್ನು ಕರೆದು ತೋರಿಸಿ, ಒಪ್ಪಿಸಿ ಆ ತಡೆ ತೆಗೆಸುವ ಹೊತ್ತಿಗೆ ಮುಂದಿನ ವರ್ಷವೇ ಬಂತು. ಅಮೆರಿಕದ ಬಾಗಿಲು ಮಾವಿಗೆ ತೆರೆದದ್ದು 2007ರಲ್ಲಿ, ಹಣ್ಣಿಗೆ ವಿಕಿರಣ ಸಂಸ್ಕರಣೆ ಆಗಬೇಕೆಂಬ ಷರತ್ತಿನ ಮೇಲೆ. ಅಂಥ ಸಂಸ್ಕರಣಾ ಘಟಕವೊಂದು ಇಂದು ಮಾಲೂರಿನಲ್ಲಿದೆ. ಇಂಥ ಒಂದೊಂದು ಒಪ್ಪಂದದ ಹಿಂದೆಯೂ ರಾಯಭಾರ ಕಚೇರಿಯ ವಾಣಿಜ್ಯ ವಿಭಾಗದ ತಿಂಗಳುಗಟ್ಟಲೆಯ ಪತ್ರವ್ಯವಹಾರವಿರುತ್ತದೆ. ಊಜಿ ಬಿದ್ದ ಹಣ್ಣನ್ನು ಚಿಕ್ಕಂದಿನಿಂದ ಕೈಯಾರೆ ಆರಿಸಿ ಬಿಸಾಡಿದವಳು ಆ ಮೇಜಿನ ಮುಂದೆ ಕೂತರೆ ರೈತನ ಕಷ್ಟವನ್ನು ಕಾಗದದಿಂದ ಓದಿ ತಿಳಿಯಬೇಕಿಲ್ಲ.

ಸಂಜೆಯ ಔತಣಗಳೂ ಇವೆ. ಸಿನಿಮಾದಲ್ಲಿ ಕಾಣುವುದು ಅದೊಂದೇ. ಆದರೆ ಕೋಲಾರದ ರೇಷ್ಮೆ ಸೀರೆ ಉಟ್ಟು ಅಲ್ಲಿ ನಿಂತವಳು ನಗುನಗುತ್ತಲೇ ನಾಳೆಯ ಫೋನು ಯಾರಿಗೆ ಮಾಡಬಹುದು ಎಂದು ನೋಡುತ್ತಿರುತ್ತಾಳೆ. ಕೊಠಡಿ ತುಂಬ ಗಂಡಸರಿದ್ದಾಗ ಅವಳನ್ನು ಯಾರದೋ ಹೆಂಡತಿ ಎಂದುಕೊಳ್ಳುವವರೂ ಇರುತ್ತಾರೆ. ಹೆಸರು, ಹುದ್ದೆ ಹೇಳಿ ಅವಳು ಮಾತು ಮುಂದುವರಿಸುತ್ತಾಳೆ. ಕಷ್ಟಗಳನ್ನು ಮುಚ್ಚಿಡುವುದು ಬೇಡ. ಮೂರು ವರ್ಷಕ್ಕೊಮ್ಮೆ ಊರು ಬದಲು. ನೀರು, ವಿದ್ಯುತ್ತು ಸರಿಯಿಲ್ಲದ ದೇಶಕ್ಕೂ ಹೋಗಬೇಕು, ಗುಂಡು ಹಾರುವ ದೇಶಕ್ಕೂ ಹೋಗಬೇಕು. ತಾಯಿಗೆ ಜ್ವರ ಬಂದರೆ ಕೆಂಪು ಬಸ್ಸು ಹತ್ತಿ ಬರಲಾಗದು. ‘ಮದುವೆ ಯಾವಾಗಮ್ಮ?’ ಎಂಬ ಪ್ರಶ್ನೆ ಫೋನಿನಲ್ಲಿ ಎಲ್ಲಿದ್ದರೂ ತಲುಪುತ್ತದೆ. ಗಂಡನ ಕೆಲಸ, ಮಕ್ಕಳ ಶಾಲೆ ಪ್ರತಿ ವರ್ಗಾವಣೆಯಲ್ಲೂ ಹೊಸದಾಗಿ ಹೊಂದಬೇಕು. ಇಷ್ಟನ್ನೂ ತಿಳಿದೇ ಆರಿಸಿಕೊಳ್ಳಬೇಕಾದ ಬದುಕು ಇದು. ಆದರೆ ಆರಿಸಿಕೊಳ್ಳುವ ಹಕ್ಕು ಅವಳದ್ದು. ಆ ಹಕ್ಕಿಗಾಗಿಯೇ ಮುತ್ತಮ್ಮ ಕೋರ್ಟಿಗೆ ಹೋದದ್ದು.

ದಾರಿ ದೂರ ಎನ್ನುವವರಿಗೆ ಒಂದು ಮಾತು. ಲೋಕಸೇವಾ ಆಯೋಗದ ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು, ಕನ್ನಡ ಸಾಹಿತ್ಯವನ್ನು ಐಚ್ಛಿಕ ವಿಷಯವಾಗಿ ಆಯ್ದುಕೊಳ್ಳಬಹುದು. 2016ರ ಪರೀಕ್ಷೆಯಲ್ಲಿ ಇಡೀ ದೇಶಕ್ಕೆ ಮೊದಲಿಗರಾದ ನಂದಿನಿ ಕೆ.ಆರ್. ಕೋಲಾರದವರು. ಅವರ ಐಚ್ಛಿಕ ವಿಷಯ ಕನ್ನಡ ಸಾಹಿತ್ಯವೇ. ಅವರು ಆಡಳಿತ ಸೇವೆಗೆ ಹೋದರು. ಅದೇ ಪರೀಕ್ಷೆ, ಅದೇ ಅರ್ಜಿ. ಸೇವೆಯ ಆಯ್ಕೆ ಕೇಳುವಾಗ ವಿದೇಶಾಂಗ ಸೇವೆಯನ್ನು ಮೊದಲು ನಮೂದಿಸುವ ಧೈರ್ಯವಷ್ಟೇ ಬೇರೆ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಮೇಷ್ಟ್ರುಗಳಲ್ಲಿ, ತಂದೆತಾಯಿಗಳಲ್ಲಿ ನನ್ನದೊಂದು ಬೇಡಿಕೆ. ನಾಲ್ಕು ಭಾಷೆ ಸಲೀಸಾಗಿ ಆಡುವ, ಯಾರ ಎದುರಿಗೂ ತಡವರಿಸದ ಹುಡುಗಿ ನಿಮ್ಮ ತರಗತಿಯಲ್ಲಿ, ನಿಮ್ಮ ಮನೆಯಲ್ಲಿ ಇದ್ದರೆ ಅವಳನ್ನು ಬಾಯಿಬಡಕಿ ಎಂದು ಸುಮ್ಮನಾಗಿಸಬೇಡಿ. ಇಂಥದೊಂದು ಕೆಲಸವಿದೆ ಎಂದು ಹೇಳಿ, ಡಿಗ್ರಿ ಮುಗಿಸಲು ಬಿಡಿ, ಅರ್ಜಿ ತುಂಬಿಸಿ.