ಗುಣವಾದ ಮೇಲಿನ ನಾಲ್ಕು ದಿನ

ಬಾಲ್ಯದ ಕಾಯಿಲೆಗಳ ನೆನಪು ತೆಗೆದವರು ಕಾಯಿಲೆಯ ಬಗ್ಗೆ ಮಾತಾಡುವುದು ಬಹಳ ಕಡಿಮೆ. ದಡಾರ ಎದ್ದಿತ್ತು, ಮಂಗನಬಾವು ಬಂದಿತ್ತು, ಕಾಮಾಲೆಯಾಗಿತ್ತು ಎಂದು ಒಂದು ಮಾತಿನಲ್ಲಿ ಮುಗಿಸಿ ನೇರವಾಗಿ ಬ್ರೆಡ್ಡಿಗೆ ಬಂದುಬಿಡುತ್ತಾರೆ. ಐವತ್ತು ವರ್ಷಗಳ ಹಿಂದೆ ನಮ್ಮ ಹಳ್ಳಿಗಳಲ್ಲಿ, ಸಣ್ಣ ಊರುಗಳಲ್ಲಿ ಬ್ರೆಡ್ಡು ಎಂದರೆ ರೋಗಿಯ ಊಟ. ಗಟ್ಟಿಮುಟ್ಟಾಗಿರುವವರ ಮನೆಗೆ ಅದು ಬರುತ್ತಿರಲಿಲ್ಲ. ಬಂದರೆ, ಯಾರಿಗೆ ಹುಷಾರಿಲ್ಲ ಎಂದು ಪಕ್ಕದ ಮನೆಯವರು ವಿಚಾರಿಸಿಕೊಂಡು ಹೋಗುತ್ತಿದ್ದರು. ಬ್ರೆಡ್ಡಿನ ಹಿಂದೆ ಮೋಸಂಬಿ, ಗ್ಲೂಕೋಸ್ ಪುಡಿ, ಮೆಣಸಿನ ಸಾರು, ಉಪ್ಪಿನಕಾಯಿಯ ರಸ ಸೋಕಿಸಿದ ಗಂಜಿ ಎಲ್ಲವೂ ನೆನಪಿನ ಸಾಲಿನಲ್ಲಿ ಬರುತ್ತವೆ. ಮನೆಯಿಂದ ಒಯ್ದ ಸೀಸೆಗೆ ಕೆಂಪು ಮಿಕ್ಸ್ಚರ್ ತುಂಬಿಸಿ, ಒಂದೊಂದು ಸಲದ ಅಳತೆಗೆಂದು ಪಕ್ಕೆಗೆ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಿ ಕೊಡುತ್ತಿದ್ದ ಕಾಂಪೌಂಡರ್ ಬರುತ್ತಾನೆ. ಉಳಿದ ದಿನಗಳಲ್ಲಿ ಗದರಿಸುವುದನ್ನು ಬಿಟ್ಟು ಬೇರೆ ಮಾತು ಗೊತ್ತಿಲ್ಲದ ಅಪ್ಪ ಬಂದು ಹಣೆ ಮುಟ್ಟಿ ನೋಡುತ್ತಾನೆ. ಇಷ್ಟು ಜನ, ಇಷ್ಟು ತಿನಿಸು ಸೇರಿ ಕಾಯಿಲೆಯ ನೆನಪನ್ನು ಒಂದು ಸಣ್ಣ ಹಬ್ಬವನ್ನಾಗಿ ಮಾಡಿರುವುದನ್ನು ಕಂಡರೆ, ಆ ಸವಿ ಕಾಯಿಲೆಯದ್ದಾಗಿರಲು ಸಾಧ್ಯವಿಲ್ಲ ಎನ್ನಿಸುತ್ತದೆ. ಅದು ಮಲಗಿದ ಮಗುವಿನ ಸುತ್ತ ಮನೆ ತನ್ನನ್ನು ಹೊಂದಿಸಿಕೊಂಡ ರೀತಿಯದು. ಕಾಯಿಲೆಯನ್ನು ನಾವು ಓಡಿಸಿದೆವು, ಒಳ್ಳೆಯದೇ ಆಯಿತು. ಆ ಗಡಿಬಿಡಿಯಲ್ಲಿ, ಗುಣವಾದ ಮೇಲೂ ನಾಲ್ಕು ದಿನ ಸುಮ್ಮನೆ ಮಲಗಿರುವ ಅವಕಾಶವನ್ನೂ ಮಕ್ಕಳಿಂದ ಕಿತ್ತುಕೊಂಡೆವು ಎಂಬುದು ನನ್ನ ತಕರಾರು.

ಈ ತಕರಾರನ್ನು ಮುಂದುವರಿಸುವ ಮೊದಲು ಕಾಯಿಲೆಯ ಲೆಕ್ಕ ಒಪ್ಪಿಸಬೇಕು. ನೆನಪು ಹೇಳುವವರೆಲ್ಲ ಬದುಕಿ ಉಳಿದವರು. ಉಳಿಯದವರಿಗೆ ಬ್ರೆಡ್ಡಿನ ನೆನಪೂ ಇಲ್ಲ, ಅಪ್ಪನ ಕೈಯ ನೆನಪೂ ಇಲ್ಲ. 1971ರಲ್ಲಿ ಈ ದೇಶದಲ್ಲಿ ಹುಟ್ಟಿದ ಪ್ರತಿ ಸಾವಿರ ಶಿಶುಗಳಲ್ಲಿ 129 ಶಿಶುಗಳು ವರ್ಷ ತುಂಬುವುದರೊಳಗೆ ಸಾಯುತ್ತಿದ್ದವು; 2020ರ ಹೊತ್ತಿಗೆ ಅದು 28ಕ್ಕೆ ಇಳಿದಿತ್ತು. ಹುಟ್ಟಿದ ಮಕ್ಕಳು ಒಂದೊಂದಾಗಿ ಹೋದ ಮೇಲೆ ಹುಟ್ಟಿದ್ದನ್ನು ತಿಪ್ಪೆಯ ಮೇಲೆ ಉರುಳಿಸಿ, ಸಾವಿನ ಕಣ್ಣು ಬೀಳದಿರಲಿ ಎಂದು ತಿಪ್ಪ, ಗುಂಡ, ಕಲ್ಲ ಎಂದು ಹೆಸರಿಡುತ್ತಿದ್ದ ನಾಡು ಇದು. ಬೇಂದ್ರೆಯವರ ‘ನೀ ಹೀಂಗ ನೋಡಬ್ಯಾಡ ನನ್ನ’ ಹುಟ್ಟಿದ್ದು ಮಗುವನ್ನು ಕಳೆದುಕೊಂಡ ಮನೆಯಲ್ಲಿ. ಭೈರಪ್ಪನವರ ‘ಗೃಹಭಂಗ’ದ ನಂಜಮ್ಮನ ಮಕ್ಕಳನ್ನು ಪ್ಲೇಗು ಒಯ್ಯುವ ಪುಟಗಳನ್ನು ಓದಿದವರು ಕಾಯಿಲೆಯನ್ನು ಹಬ್ಬವೆನ್ನಲು ಸ್ವಲ್ಪ ತಡವರಿಸುತ್ತಾರೆ. ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣ ಕಂಡದ್ದು 1975ರಲ್ಲಿ. ದಡಾರ, ನಾಯಿಕೆಮ್ಮು, ಗಂಟಲುಮಾರಿಯಂಥವುಗಳ ಲಸಿಕೆ ಎಲ್ಲ ಮಕ್ಕಳಿಗೂ ಸಿಗಬೇಕೆಂಬ ಸಾರ್ವತ್ರಿಕ ಕಾರ್ಯಕ್ರಮ ಶುರುವಾದದ್ದು 1985ರಲ್ಲಿ. ಪೋಲಿಯೊದ ಕೊನೆಯ ಪ್ರಕರಣ 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹಾವ್ರಾದಲ್ಲಿ. ಹಿಂದಿನವರು ಇವನ್ನೆಲ್ಲ ಅನುಭವಿಸಿಯೇ ಗಟ್ಟಿಯಾದರು ಎಂದು ವಾದಿಸುವವರು ಇನ್ನೂ ಸಿಗುತ್ತಾರೆ. ಅವರಿಗೆ ದಡಾರದ ಸಂಗತಿ ಒಂದೇ ಸಾಕು. ಲಸಿಕೆ ಇಲ್ಲದೆ ದಡಾರ ಎದ್ದ ನೆದರ್ಲೆಂಡ್ಸಿನ ಮಕ್ಕಳ ರಕ್ತವನ್ನು ಮೊದಲೂ ಆಮೇಲೂ ಪರೀಕ್ಷಿಸಿದ ವಿಜ್ಞಾನಿಗಳು 2019ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ, ಬೇರೆ ರೋಗಗಳ ವಿರುದ್ಧ ಆ ಮಕ್ಕಳ ಮೈ ಕೂಡಿಸಿಟ್ಟುಕೊಂಡಿದ್ದ ಪ್ರತಿಕಾಯಗಳಲ್ಲಿ ಶೇ. 11ರಿಂದ ಶೇ. 73ರವರೆಗೆ ಅಳಿಸಿಹೋಗಿದ್ದವು. ಗಟ್ಟಿಯಾಗುವುದಿರಲಿ, ಇದ್ದ ಗಂಟೂ ಹೋಯಿತು. ಇನ್ನು ಸೀತಾಳೆ ಸಿಡುಬು, ಬಂದು ಹೋಯಿತು ಎಂದುಕೊಂಡ ಮೇಲೂ ನರದ ಬುಡದಲ್ಲಿ ಅಡಗಿ ಕುಳಿತು, ಅರವತ್ತು ದಾಟಿದ ಮೇಲೆ ಸರ್ಪಸುತ್ತಾಗಿ ಎದ್ದು ಬರಬಲ್ಲದು.

ಹಾಗಾದರೆ ಕಳೆದುಕೊಂಡದ್ದು ಏನು? ಮೈಮೇಲೆ ಗುಳ್ಳೆ ಎದ್ದು ‘ಅಮ್ಮ’ ಬಂದಳೆಂದು ಗೊತ್ತಾದ ಮನೆಯನ್ನು ನೋಡಿದರೆ ಅದು ಚೆನ್ನಾಗಿ ತಿಳಿಯುತ್ತದೆ. ಬಾಗಿಲಿಗೆ ಬೇವಿನ ಸೊಪ್ಪು ಬಿತ್ತೆಂದರೆ ಊರಿಗೆಲ್ಲ ಸುದ್ದಿ. ಹೊರಗಿನವರು ಒಳಗೆ ಬರುವಂತಿಲ್ಲ, ಒಳಗಿನವರು ಮದುವೆ ಮುಂಜಿಗೆ ಹೋಗುವಂತಿಲ್ಲ. ಒಲೆಯ ಮೇಲೆ ಒಗ್ಗರಣೆ ಚುರುಗುಟ್ಟುವಂತಿಲ್ಲ, ಕರಿಯುವಂತಿಲ್ಲ, ಬಾಡೂಟದ ಮಾತಂತೂ ಇಲ್ಲವೇ ಇಲ್ಲ. ಮಗುವಿಗೆ ಬೇರೆ ಚಾಪೆ, ಬೇರೆ ತಟ್ಟೆ, ತುರಿಸಿಕೊಳ್ಳದಂತೆ ಸವರಲು ಬೇವಿನ ಎಸಳು. ಗುಳ್ಳೆಗಳೆಲ್ಲ ಒಣಗಿದ ಮೇಲೆ, ಬೇವು ಅರಿಶಿನ ಹಾಕಿ ಬಿಸಿಲಲ್ಲಿಟ್ಟು ಕಾಯಿಸಿದ ನೀರನ್ನು ದಿನ ಬಿಟ್ಟು ದಿನ ಹಾಕುತ್ತಿದ್ದರು. ಕೊನೆಯ ನೀರು ಬಿದ್ದು, ಮಾರಮ್ಮನಿಗೆ ಮೊಸರನ್ನದ ಎಡೆ ಹೋದ ಮೇಲೆಯೇ ಆ ಮಗು ಬೀದಿಗೆ ಇಳಿಯಬೇಕು. ಕೊನೆಯ ಗುಳ್ಳೆಯೂ ಹೆಕ್ಕಳೆಗಟ್ಟುವವರೆಗೆ ಸೋಂಕು ಹರಡುತ್ತದೆ ಎಂದು ಇಂದಿನ ವೈದ್ಯರೂ ಹೇಳುತ್ತಾರೆ. ಆ ಮಟ್ಟಿಗೆ ಅಜ್ಜಿಯ ಲೆಕ್ಕವೂ ಡಾಕ್ಟರ ಲೆಕ್ಕವೂ ತಾಳೆಯಾಗುತ್ತವೆ. ಆದರೆ ಅಜ್ಜಿಗೆ ಎಲ್ಲವೂ ಗೊತ್ತಿತ್ತು ಎಂದು ಹಿಗ್ಗಬೇಕಾಗಿಲ್ಲ. ಗುಳ್ಳೆ ಏಳುವುದಕ್ಕೆ ಒಂದೆರಡು ದಿನ ಮೊದಲೇ ಸೋಂಕು ಹರಡಲು ಶುರುವಾಗುತ್ತದೆ, ದಡಾರದಲ್ಲಂತೂ ನಾಲ್ಕು ದಿನ ಮೊದಲೇ. ಬಾಗಿಲಿಗೆ ಬೇವು ಕಟ್ಟುವ ಹೊತ್ತಿಗೆ ಬೀದಿಯ ಅರ್ಧ ಮಕ್ಕಳಿಗೆ ಅದು ಹಂಚಿ ಆಗಿರುತ್ತಿತ್ತು. ಆಚರಣೆಯ ನಿಜವಾದ ಕೆಲಸ ಬೇರೆ ಕಡೆ ನಡೆಯುತ್ತಿತ್ತು. ಅದು ಮಗುವಿಗೆ ಒಂದು ಗಡುವು ಕೊಡುತ್ತಿತ್ತು, ಆ ಗಡುವನ್ನು ಯಾರೂ ಮೊಟಕು ಮಾಡುವಂತಿರಲಿಲ್ಲ. ದೇವಿಯ ಸಹಿ ಬಿದ್ದ ರಜಾ ಚೀಟಿಯನ್ನು ತಿರಸ್ಕರಿಸುವ ಧೈರ್ಯ ಯಾವ ಹೆಡ್‌ಮಾಸ್ತರರಿಗೂ ಇರಲಿಲ್ಲ. ಸೊಸೆ ಕೆಲಸ ಬಿಟ್ಟು ಮಗುವಿನ ಮಗ್ಗುಲಲ್ಲೇ ಕೂತಿದ್ದಾಳೆಂದು ಗೊಣಗುವ ಅತ್ತೆಯೂ ಆ ಕೆಲವು ದಿನ ಬಾಯಿ ಮುಚ್ಚಿಕೊಂಡಿರುತ್ತಿದ್ದಳು.

ದೇವಿಯ ಹಂಗಿಲ್ಲದ ಕಾಯಿಲೆಗಳಿಗೂ ಇಂಥದೇ ಒಂದು ಗಡುವಿತ್ತು, ಅದರ ಹೆಸರು ಪಥ್ಯ. ಕಾಮಾಲೆಗೆ ನೆಲನೆಲ್ಲಿ, ಮಜ್ಜಿಗೆ. ಮಂಗನಬಾವಿಗೆ ಕೆನ್ನೆಗೆ ಕೆಮ್ಮಣ್ಣಿನ ಲೇಪ. ವಿಷಮಶೀತ ಜ್ವರಕ್ಕೆ ವಾರಗಟ್ಟಲೆ ಗಂಜಿ. ಜ್ವರ ಬಿಟ್ಟ ದಿನವೇ ಕಾಯಿಲೆ ಮುಗಿಯಿತೆಂದು ಯಾರೂ ಲೆಕ್ಕ ಹಾಕುತ್ತಿರಲಿಲ್ಲ. ಬಿಟ್ಟ ಮೇಲೆ ಬಾಯಿ ರುಚಿ ಬರಬೇಕು, ಕಾಲಿಗೆ ಕಸುವು ಬರಬೇಕು, ಮಗು ತಾನಾಗಿ ಹಟ ಮಾಡಲು ಶುರು ಮಾಡಬೇಕು; ಆಗ ಶಾಲೆ. ಮೈಗೆ ಈ ಬಿಡುವು ಬೇಕೇ ಬೇಕು. ವಿಷಮಶೀತ ಜ್ವರ ಬಿಟ್ಟಂತೆ ಮಾಡಿ ಮರುಕಳಿಸಬಲ್ಲದು, ಕಾಮಾಲೆಯ ಸುಸ್ತು ಕಣ್ಣಿನ ಹಳದಿ ಹೋದ ಮೇಲೂ ವಾರಗಟ್ಟಲೆ ಇರುತ್ತದೆ, ನಾಯಿಕೆಮ್ಮು ತಿಂಗಳುಗಟ್ಟಲೆ ಎಳೆಯುತ್ತದೆ. ಇಂದಿನ ಮಗುವಿನ ಜ್ವರ ಹೇಗೆ ಸಾಗುತ್ತದೆ ನೋಡಿ. ಬೆಳಿಗ್ಗೆ ಏಳಕ್ಕೆ ಪ್ಯಾರಾಸಿಟಮಾಲ್ ಸಿರಪ್, ಎಂಟಕ್ಕೆ ಶಾಲೆಯ ವ್ಯಾನು, ಔಷಧಿಯ ಬಲ ಇಳಿಯುತ್ತಿದ್ದಂತೆ ಮಧ್ಯಾಹ್ನ ಶಾಲೆಯಿಂದ ಫೋನು. ಅಷ್ಟರೊಳಗೆ ಆ ಬೆಂಚಿನ ಮಕ್ಕಳಿಗೆಲ್ಲ ಪಾಲು ಹೋಗಿರುತ್ತದೆ. ಸಿರಪ್ಪು ಇಳಿಸುವುದು ಜ್ವರವನ್ನು, ಸೋಂಕು ಇದ್ದಲ್ಲೇ ಇರುತ್ತದೆ. ಡೆಂಗಿಯಲ್ಲಿ ಈ ಅವಸರ ಜೀವಕ್ಕೇ ಕುತ್ತು ತರಬಹುದು. ಕರ್ನಾಟಕ ಸರ್ಕಾರ 2024ರಲ್ಲಿ ಸಾಂಕ್ರಾಮಿಕವೆಂದು ಅಧಿಸೂಚನೆ ಹೊರಡಿಸಿದ ಈ ಜ್ವರದ ಗುಣವೇ ವಿಚಿತ್ರ: ಮೂರನೆಯ ದಿನದಿಂದ ಏಳನೆಯ ದಿನದೊಳಗೆ ಜ್ವರ ಇಳಿಯುತ್ತದೆ, ಅಪಾಯದ ಹಂತ ಶುರುವಾಗುವುದೂ ಆಗಲೇ. ರಕ್ತನಾಳದಿಂದ ನೀರು ಸೋರುವುದು, ಹೊಟ್ಟೆನೋವು, ವಾಂತಿ, ರಕ್ತಸ್ರಾವ ಇವೆಲ್ಲ ಕಾಣಿಸಿಕೊಳ್ಳುವುದು ಮೈ ತಣ್ಣಗಾಗುವ ಹೊತ್ತಿನಲ್ಲಿ. ಜ್ವರ ಬಿಟ್ಟಿತು, ನಾಳೆ ಟೆಸ್ಟ್ ಇದೆ ಎಂದು ಬ್ಯಾಗು ಹೆಗಲಿಗೇರಿಸುವ ದಿನವೇ ಮಗುವನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯಬೇಕಾದ ದಿನ.

ಪಥ್ಯವನ್ನು ಹೊಗಳಿದರೆ ವೈದ್ಯರು ಸಿಟ್ಟಾಗುತ್ತಾರೆ, ಅವರ ಸಿಟ್ಟಿಗೆ ಕಾರಣವಿದೆ. ಭೇದಿಯಾದ ಮಗುವಿಗೆ ನೀರು ಕೊಟ್ಟರೆ ಇನ್ನೂ ಹೆಚ್ಚಾಗುತ್ತದೆಂದು ನೀರು ನಿಲ್ಲಿಸಿದ ಮನೆಗಳಲ್ಲಿ ಮಕ್ಕಳು ಒಣಗಿ ಸತ್ತಿವೆ. 1971ರಲ್ಲಿ ಬಂಗಾಳದ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ, ನೀರಿಗೆ ಉಪ್ಪು ಮತ್ತು ಗ್ಲೂಕೋಸ್ ಬೆರೆಸಿ ಬಾಯಿಯ ಮೂಲಕವೇ ಕುಡಿಸಿ ಜೀವ ಉಳಿಸಬಹುದೆಂದು ಡಾ. ದಿಲೀಪ್ ಮಹಲನಬಿಸ್ ತೋರಿಸಿಕೊಟ್ಟರು. ಇಂದು ಅಂಗನವಾಡಿಯಲ್ಲೂ ಸಿಗುವ ಓಆರ್‌ಎಸ್ ಪೊಟ್ಟಣ ಹಳೆಯ ಪಥ್ಯದ ಎದುರು ನಿಂತ ನೇರ ಸಾಕ್ಷಿ. ಹಾಲು, ಮೊಟ್ಟೆ, ಬೇಳೆ ನಿಲ್ಲಿಸಿ ಬರೀ ಗಂಜಿಯಲ್ಲಿ ಸೊರಗಿಸಿದ್ದು, ಕಾಮಾಲೆಗೆಂದು ಎಳೆಯ ಮೈಮೇಲೆ ಬರೆ ಎಳೆದದ್ದು, ಅಮ್ಮ ಮುನಿಯುತ್ತಾಳೆಂದು ಆಸ್ಪತ್ರೆಗೆ ಒಯ್ಯದೆ ಕೂತದ್ದು ಎಲ್ಲವೂ ನಿಜ. ದಡಾರ ಎದ್ದ ಮಗುವಿಗೆ ಎ ಜೀವಸತ್ವದ ಎರಡು ಡೋಸು ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೇವಿನ ಗಾಳಿಯಲ್ಲಿ ಅದು ಸಿಗುವುದಿಲ್ಲ. ಆದ್ದರಿಂದ ಪಥ್ಯದ ತಟ್ಟೆಯನ್ನು ವೈದ್ಯರ ಕೈಗೇ ಒಪ್ಪಿಸೋಣ, ಅದರಲ್ಲಿ ಏನಿರಬೇಕೆಂದು ಅವರೇ ಹೇಳಲಿ. ನಾನು ಕೇಳುತ್ತಿರುವುದು ತಟ್ಟೆಯ ಮುಂದೆ ಮಗು ಕೂತಿರುತ್ತಿದ್ದ ಆ ಸಮಯವನ್ನು ಮಾತ್ರ. ಸಮಯವನ್ನು ಬಿಟ್ಟುಕೊಡಿ ಎಂದು ಯಾವ ಒಳ್ಳೆಯ ವೈದ್ಯರೂ ಹೇಳಿಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಆ ಸಮಯ ಬಂದದ್ದು ಯಾರ ಪಾಲಿನಿಂದ? ಬ್ರೆಡ್ಡಿನ ನೆನಪು ಬರೆದ ಲೇಖಕರಲ್ಲಿ ಹೆಚ್ಚಿನವರು ಗಂಡಸರು, ಮನೆಯಲ್ಲಿ ಒಂದು ಕೈ ಹೆಚ್ಚಿಗೆ ಇದ್ದ ಕುಟುಂಬಗಳವರು. ಆ ಕೈ ತಾಯಿಯದು, ಇಲ್ಲವೇ ತಮ್ಮನಿಗೆ ಜ್ವರ ಬಂದಿದೆಯೆಂದು ಶಾಲೆ ಬಿಡಿಸಿ ಕೂರಿಸಿದ ಅಕ್ಕನದು. ತಮ್ಮ ನಾಲ್ಕು ದಿನ ಆರಾಮಾಗಿ ಮಲಗಿದ್ದ ಕಾಲದಲ್ಲಿ ಆ ಹುಡುಗಿಯ ಪಾಠ ನಿಂತಿತ್ತು, ಕೆಲವು ಮನೆಗಳಲ್ಲಿ ಪೂರ್ತಿಯಾಗಿಯೇ ನಿಂತಿತು. ಕೂಲಿಯವರ ಮನೆಯಲ್ಲಿ ಅಷ್ಟೂ ಇರಲಿಲ್ಲ. ನಾಟಿಗೆ ಹೋಗದಿದ್ದರೆ ಸಂಜೆಯ ಅಕ್ಕಿ ಇಲ್ಲ, ಹಾಗಾಗಿ ಜ್ವರದ ಮಗು ಬದುವಿನ ಮರಕ್ಕೆ ಕಟ್ಟಿದ ಸೀರೆಯ ಜೋಲಿಯಲ್ಲಿ ನರಳುತ್ತಿತ್ತು. ಆ ಮಗುವಿನ ನೆನಪು ಲಲಿತ ಪ್ರಬಂಧವಾಗಿ ಎಲ್ಲೂ ಅಚ್ಚಾಗಿಲ್ಲ. ಈ ಆಕ್ಷೇಪವನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ, ಒಪ್ಪಿದ ಮೇಲೆ ನನ್ನ ವಾದ ಇನ್ನಷ್ಟು ಬಿಗಿಯಾಗುತ್ತದೆ. ಚೇತರಿಕೆ ಎನ್ನುವುದು ಉಳ್ಳವರ ಮನೆಯ ಸೌಕರ್ಯವಾಗಿದ್ದರೆ, ಅದನ್ನು ಎಲ್ಲರಿಗೂ ಹಂಚಬೇಕಿತ್ತು. ನಾವು ಉಳ್ಳವರ ಮನೆಯಲ್ಲೂ ಅದನ್ನು ಮುಗಿಸಿದೆವು. ಕರ್ನಾಟಕ ಸರ್ಕಾರ 2021ರಲ್ಲಿ ತನ್ನ ಮಹಿಳಾ ನೌಕರರಿಗೆ ಆರು ತಿಂಗಳ ಶಿಶುಪಾಲನಾ ರಜೆ ಕೊಟ್ಟಿತು, ಒಳ್ಳೆಯ ಕೆಲಸ. ಗಾರ್ಮೆಂಟ್ಸ್‌ಗೆ ಹೋಗುವ ಹೆಂಗಸಿನ ಸ್ಥಿತಿ ನೋಡಿ. ತನಗೇ ಜ್ವರ ಬಂದರೆ ಇಎಸ್‌ಐ ಮೂಲಕ ವರ್ಷಕ್ಕೆ 91 ದಿನಗಳವರೆಗೆ ಕೂಲಿಯ ಶೇ. 70ರಷ್ಟು ಹಣ ಪಡೆಯಬಹುದು. ಮಗುವಿಗೆ ಜ್ವರ ಬಂದರೆ ಔಷಧ ಸಿಗುತ್ತದೆ, ಮಗುವಿನ ಪಕ್ಕ ಕೂತ ದಿನದ ದುಡ್ಡು ಸಿಗುವುದಿಲ್ಲ. ಮಾರಮ್ಮನಿಗೆ ಹೆದರುತ್ತಿದ್ದಷ್ಟು ಸೂಪರ್‌ವೈಸರು ಯಾವ ವೈದ್ಯಕೀಯ ಪ್ರಮಾಣಪತ್ರಕ್ಕೂ ಹೆದರುವುದಿಲ್ಲ. ಸಿರಪ್ಪು ಕುಡಿಸಿ ವ್ಯಾನು ಹತ್ತಿಸುವ ತಾಯಿಯನ್ನು ಬೈಯುವವರು ಈ ಲೆಕ್ಕವನ್ನೊಮ್ಮೆ ನೋಡಬೇಕು. ಆಕೆಗೆ ಮಗುವಿನ ಮೇಲೆ ಅಕ್ಕರೆ ಕಡಿಮೆಯಾಗಿಲ್ಲ, ಇರುವ ರಜೆ ಕಡಿಮೆ. ಕಾನೂನು ಬದಲಾದರೆ ಆ ರಜೆಯಲ್ಲಿ ಅಪ್ಪನ ಪಾಲೂ ಇರಲಿ. ಹಣೆ ಮುಟ್ಟಿ ಎದ್ದು ಹೋಗುವುದಷ್ಟೇ ಅವನ ಕೆಲಸವೆಂದು ಎಲ್ಲೂ ಬರೆದಿಲ್ಲ.

ಪಾಠ ತಪ್ಪಿಹೋಗುತ್ತದಲ್ಲ ಎಂಬ ಮಾತು ಉಳಿಯಿತು. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರಲು ಬೇಕಾದ ಹಾಜರಿ ಶೇ. 75. ಎಂದರೆ ಹತ್ತನೆಯ ತರಗತಿಯ ಮಗುವೂ ಕಾಯಿಲೆ ಬೀಳಬಹುದು, ಗುಣವಾಗಿ ಸುಧಾರಿಸಿಕೊಳ್ಳಲೂಬಹುದು ಎಂದು ನಿಯಮವೇ ಜಾಗ ಬಿಟ್ಟಿದೆ. ಒಂದನೆಯ ತರಗತಿಯ ಮಗುವಿಗೆ ಮೂರು ದಿನದ ಮಗ್ಗಿ ತಪ್ಪಿದರೆ ಆಗುವ ನಷ್ಟವನ್ನು ಆ ಮಗು ಒಂದು ಮಧ್ಯಾಹ್ನದಲ್ಲಿ ತುಂಬಿಕೊಳ್ಳುತ್ತದೆ. ನಿಯಮ ಬಿಟ್ಟ ಜಾಗವನ್ನು ಕಸಿದುಕೊಂಡದ್ದು ನಮ್ಮ ಹೆಮ್ಮೆ. ವಾರ್ಷಿಕೋತ್ಸವದ ವೇದಿಕೆಯಲ್ಲಿ ಶೇಕಡಾ ನೂರು ಹಾಜರಿಗೆ ಸ್ಟೀಲ್ ಡಬ್ಬಿಯನ್ನೋ ಪ್ರಶಸ್ತಿ ಪತ್ರವನ್ನೋ ಕೊಡುವ ಶಾಲೆ, ಕಾಯಿಲೆ ಬೀಳದಿದ್ದ ಅದೃಷ್ಟಕ್ಕೆ ಬಹುಮಾನ ಕೊಡುತ್ತಿರುತ್ತದೆ, ಇಲ್ಲವೇ ಕಾಯಿಲೆಯಲ್ಲೂ ಬಂದು ಕೂತ ಅವಿವೇಕಕ್ಕೆ. ಮೊದಲನೆಯದು ಮಗುವಿನ ಸಾಧನೆಯಲ್ಲ, ಎರಡನೆಯದಕ್ಕೆ ಆ ತರಗತಿಯ ಉಳಿದ ಮಕ್ಕಳು ಬೆಲೆ ತೆತ್ತಿರುತ್ತಾರೆ. ಮುಖ್ಯೋಪಾಧ್ಯಾಯರಲ್ಲಿ ನನ್ನ ವಿನಂತಿ ಇಷ್ಟೇ: ಬರುವ ವರ್ಷ ಆ ಬಹುಮಾನವನ್ನು ನಿಲ್ಲಿಸಿ. ಡಬ್ಬಿ ಆಗಲೇ ಕೊಂಡಿದ್ದರೆ, ಗಿಡಕ್ಕೆ ನೀರು ಹಾಕಿದ ಹುಡುಗನಿಗೋ ಗ್ರಂಥಾಲಯದ ಪುಸ್ತಕಗಳನ್ನೆಲ್ಲ ಓದಿ ಮುಗಿಸಿದ ಹುಡುಗಿಗೋ ಕೊಡಿ.